ನೈದಿಲೆಗೆ ಬೇಕಾದ್ದು ಕೆರೆಯ ಅಂಚು

(ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸರಿಮಾಡಿಕೊಂಡಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ತಟ್ಟೆಯನ್ನು ಮುಂದಿನ ಸಾಲಿನಿಂದ ಹಿಂದಿನವರೆಗೂ ದಾಟಿಸಿ. ಅದರಲ್ಲಿ ಆರು ಗೆಡ್ಡೆ ಇವೆ. ಕೈಗೆ ತೆಗೆದುಕೊಂಡು ನೋಡಿ. ಕಪ್ಪಗಿವೆ, ಹೆಚ್ಚುಕಡಿಮೆ ಅಡಿಕೆಯಷ್ಟು ದಪ್ಪ, ಮೇಲೆಲ್ಲ ಒಣಗಿದ ಬೇರಿನ ನಾರು. ಮೂಸಿದರೆ ಗೋಡು ಮಣ್ಣಿನ ವಾಸನೆ. ಏಪ್ರಿಲ್ ತಿಂಗಳಲ್ಲಿ, ಬಿರುಕು ಬಿಟ್ಟ ಕೆರೆ ಅಂಗಳದಲ್ಲಿ, ಒಂದು ಗೇಣು ಅಗೆದು ತೆಗೆದಿದ್ದು ಇವನ್ನು. ಆಗ ಆ ಕೆರೆಯಲ್ಲಿ ಒಂದು ಹನಿ ನೀರಿರಲಿಲ್ಲ. ದನ ಅಡ್ಡಾಡುತ್ತಿದ್ದವು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅವರ ಪಿಚ್ಚಿನ ಪಕ್ಕದಲ್ಲೇ ಇವು ಮಲಗಿದ್ದವು.

ಇದು ನೈದಿಲೆ. ಸತ್ತ ಹಾಗೆ ಕಾಣುತ್ತದೆ, ಅಲ್ವಾ? ಸತ್ತಿಲ್ಲ. ಮಳೆ ಬಂದು ಮೇಲೆ ನಾಲ್ಕು ಬೆರಳು ನೀರು ನಿಂತರೆ ಸಾಕು, ಕೆಲವೇ ದಿನದಲ್ಲಿ ಈ ಕರಿ ಉಂಡೆಯ ತುದಿಯಿಂದ ಒಂದು ಕೆಂಪು ಚಿಗುರು ಬರುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಗೆಡ್ಡೆಯ ಬಗ್ಗೆ, ಮತ್ತೆ ಇದು ಮಲಗೋಕೆ ಬೇಕಾದ ಜಾಗದ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ಮಕ್ಕಳು ನೀರಲ್ಲಿ ಅರಳೋ ಹೂವನ್ನೆಲ್ಲ ತಾವರೆ ಅಂತಲೇ ಕರೆಯುತ್ತಾರೆ. ದೊಡ್ಡವರೂ ಅಷ್ಟೇ. ಆದರೆ ತಾವರೆ ಬೇರೆ, ನೈದಿಲೆ ಬೇರೆ. ತಾವರೆ ಎಲೆ ಪೂರ್ತಿ ದುಂಡಗಿರುತ್ತದೆ. ಛತ್ರಿಯ ಕಡ್ಡಿಯ ಹಾಗೆ ದಂಟು ಎಲೆಯ ಮಧ್ಯಕ್ಕೆ ಬಂದು ಸೇರುತ್ತದೆ. ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ನೈದಿಲೆ ಎಲೆ ನೀರಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಒಂದು ಕಡೆ ಸೀಳಿರುತ್ತದೆ, ಆ ಸೀಳಿನ ಬುಡಕ್ಕೆ ದಂಟು ಸೇರಿರುತ್ತದೆ. ತಾವರೆಯ ಕಾಯಿ ನೀರಿನ ಮೇಲೆ ಎದ್ದು ಕಾಣುತ್ತದೆ. ನೈದಿಲೆಯ ಕಾಯಿಯನ್ನು ನಿಮ್ಮಲ್ಲಿ ಜಾಸ್ತಿ ಜನ ನೋಡಿರಲಿಕ್ಕಿಲ್ಲ, ಯಾಕೆಂದರೆ ಅದು ನೀರೊಳಗೆ ಬಲಿಯುತ್ತದೆ. ಗಿಡಗಳ ವಂಶ ನೋಡಿದರೂ ಇವೆರಡೂ ದೂರದವು. ನೋಡೋಕೆ ಮಾತ್ರ ಅಕ್ಕತಂಗಿಯರ ಹಾಗಿವೆ.

ನೈದಿಲೆಯಲ್ಲೂ ನಮ್ಮ ಕೆರೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹಗಲು ಅರಳುವುದು. ತಿಳಿ ನೀಲಿ ಇಲ್ಲವೇ ಬಿಳಿ, ಎಲೆಯ ಅಂಚು ಸುಮಾರಾಗಿ ನುಣುಪು. ಸಸ್ಯಶಾಸ್ತ್ರದವರು ನಿಂಫಿಯಾ ನೌಚಾಲಿ ಅನ್ನುತ್ತಾರೆ. ಶ್ರೀಲಂಕಾದ ರಾಷ್ಟ್ರೀಯ ಹೂವು ಇದೇ, ಅಲ್ಲಿ ನೀಲ್ ಮಾನೆಲ್ ಅಂತ ಹೆಸರು. ಇನ್ನೊಂದು ಸಂಜೆ ಅರಳುವುದು. ಬಿಳಿಯೋ ಗುಲಾಬಿಯೋ ಇರುತ್ತದೆ, ಎಲೆಯ ಅಂಚಿಗೆ ಗರಗಸದ ಹಲ್ಲು, ಎಲೆಯ ಅಡಿಯಲ್ಲಿ ಬೆರಳಾಡಿಸಿದರೆ ಸಣ್ಣ ರೋಮ ಸಿಗುತ್ತದೆ. ಅದು ನಿಂಫಿಯಾ ಪ್ಯೂಬೆಸೆನ್ಸ್. ಕತ್ತಲಾಗುವಾಗ ಬಿಚ್ಚಿಕೊಂಡು ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಚಂದ್ರ ಬಂದರೆ ನೈದಿಲೆ ಅರಳುತ್ತದೆ ಅಂತ ನಮ್ಮ ಹಳೆಯ ಕವಿಗಳು ಮತ್ತೆಮತ್ತೆ ಹೇಳಿದ್ದಾರಲ್ಲ, ಅದು ಬರೀ ಕಲ್ಪನೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಒಂದು ಸಂಜೆ ಕೆರೆ ಏರಿಯ ಮೇಲೆ ಕೂತು ನೋಡಿದ ಮೇಲೆ ಗೊತ್ತಾಯಿತು. ಅವರು ಕೆರೆ ನೋಡಿದವರು.

ಈಗ ಹಗಲಿನ ನೈದಿಲೆಯ ಒಂದು ಹೂವನ್ನು ಹತ್ತಿರದಿಂದ ನೋಡೋಣ. ನಾನು ಮೊಣಕಾಲುದ್ದ ನೀರಲ್ಲಿ ನಿಂತು ಒಂದೇ ಹೂವನ್ನು ನಾಲ್ಕು ದಿನ ನೋಡಿದ್ದೇನೆ. ದಂಟಿಗೆ ಕೆಂಪು ನೂಲು ಕಟ್ಟಿ ಗುರುತು ಇಟ್ಟುಕೊಂಡಿದ್ದೆ.

ಮೊದಲ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಹೂ ಬಿಚ್ಚಿಕೊಂಡಿತು. ಹೊರಗೆ ನಾಲ್ಕು ಹಸಿರು ಪುಷ್ಪಪತ್ರ, ಅವುಗಳ ಮೇಲೆ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಗೆರೆ. ಒಳಗೆ ಎಸಳು. ನಡುವೆ ಒಂದು ಸಣ್ಣ ಬಟ್ಟಲು, ಅದರ ತುಂಬ ನೀರಿನಂಥ ದ್ರವ. ಇಬ್ಬನಿ ನಿಂತಿರಬೇಕು ಅಂದುಕೊಂಡೆ. ಇಬ್ಬನಿಯಲ್ಲ, ಹೂವೇ ಅದನ್ನು ಒಸರುತ್ತದೆ. ಬೇರೆ ಹೂವಿನ ಪರಾಗ ಮೈಗೆಲ್ಲ ಮೆತ್ತಿಕೊಂಡ ಒಂದು ಜೇನುಹುಳು ಬಂತು. ಕೇಸರಗಳು ನುಣುಪು, ಕಾಲು ನಿಲ್ಲಲಿಲ್ಲ, ಜಾರಿ ಬಟ್ಟಲಿಗೆ ಬಿತ್ತು. ಒದ್ದಾಡಿ ಎದ್ದು ಹೋಯಿತು. ಅಷ್ಟರಲ್ಲಿ ಅದರ ಮೈಮೇಲಿನ ಪರಾಗ ಬಟ್ಟಲಲ್ಲಿ ತೊಳೆದುಹೋಗಿತ್ತು. ಹೂವಿಗೆ ಬೇಕಾದ್ದು ಅದೇ. ಮೊದಲ ದಿನ ಹೂ ಹೆಣ್ಣು. ತಾನು ಪರಾಗ ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ ಅಷ್ಟೇ. ಕೆಲವು ಸಣ್ಣ ಹುಳು ಮೇಲೇಳಲಾಗದೆ ಅಲ್ಲೇ ಸಾಯುತ್ತವೆ. ನನಗೆ ಅದನ್ನು ನೋಡಿ ಪಾಪ ಅನ್ನಿಸಿತು.

ಎರಡನೇ ದಿನ ಬಟ್ಟಲು ಒಣಗಿತ್ತು. ಕೇಸರಗಳು ಒಳಕ್ಕೆ ಬಾಗಿ ಬಟ್ಟಲನ್ನು ಮುಚ್ಚಿದ್ದವು, ಹಳದಿ ಪರಾಗ ಉದುರಿಸುತ್ತಿದ್ದವು. ಈಗ ಹೂ ಗಂಡು. ಹುಳುಗಳಿಗೆ ಬೀಳುವ ಭಯವಿಲ್ಲ, ಮೈತುಂಬ ಪರಾಗ ಮೆತ್ತಿಕೊಂಡು ಪಕ್ಕದ ಮೊದಲ ದಿನದ ಹೂವಿಗೆ ಹೋಗುತ್ತವೆ. ಮೂರನೇ ದಿನವೂ ಹೀಗೇ. ಆಮೇಲೆ ಹೂ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ದಂಟು ಬಾಗಿ ಮೆಲ್ಲಗೆ ನೀರೊಳಗೆ ಎಳೆದುಕೊಂಡಿತು. ನನ್ನ ಕೆಂಪು ನೂಲು ನೀರೊಳಗೆ ಹೋಯಿತು.

ಅಲ್ಲಿ ಕೆಳಗೆ ಕಾಯಿ ಬಲಿಯುತ್ತದೆ. ಬಲಿತ ಕಾಯಿ ಮೆತ್ತಗಾಗಿ ಒಡೆಯುತ್ತದೆ. ಒಳಗೆ ನೂರಾರು ಬೀಜ, ಒಂದೊಂದೂ ಸಾಸಿವೆಗಿಂತ ಸಣ್ಣದು. ಪ್ರತಿ ಬೀಜಕ್ಕೂ ಲೋಳೆಯ ಒಂದು ಅಂಗಿ. ನೆನೆಸಿದ ಕಾಮಕಸ್ತೂರಿ ಬೀಜ ನೋಡಿದ್ದೀರಲ್ಲ, ಹಾಗೆ. ಆ ಅಂಗಿಯಲ್ಲಿ ಗಾಳಿ ಇರುತ್ತದೆ. ಬೀಜ ಮೇಲೆ ಬಂದು ತೇಲುತ್ತದೆ, ಗಾಳಿ ತಳ್ಳಿದ ಕಡೆ ಹೋಗುತ್ತದೆ. ಸ್ವಲ್ಪ ಕಾಲದಲ್ಲಿ ಅಂಗಿ ಕರಗಿ, ಬೀಜ ಮುಳುಗಿ ಕೆಸರು ಸೇರುತ್ತದೆ. ಗಾಳಿ ಸಾಮಾನ್ಯವಾಗಿ ತೇಲುವುದನ್ನೆಲ್ಲ ಎಲ್ಲಿಗೆ ತಳ್ಳುತ್ತದೆ? ಕೆರೆಯ ಅಂಚಿಗೆ. ನೀರು ಕಡಿಮೆ ಇರುವ, ಬೆಳಕು ತಳದವರೆಗೂ ಬೀಳುವ ಜಾಗಕ್ಕೆ.

ಈ ಅಂಚಿನ ಮಾತು ಹೇಳೋಕೇ ನಾನಿಲ್ಲಿ ಬಂದಿರುವುದು.

ನಮ್ಮ ಹಳೆಯ ಕೆರೆಗಳು ಯಾವ ಆಕಾರದಲ್ಲಿವೆ ಗೊತ್ತಾ? ಮೊರದ ಆಕಾರ. ಮೊರದ ಹಿಂದಿನ ಎತ್ತರದ ಕಟ್ಟು ಇದೆಯಲ್ಲ, ಅದು ಏರಿ. ನೀರು ಅಲ್ಲಿ ಆಳ. ತೂಬು ಇರುವುದೂ ಅಲ್ಲೇ. ಮುಂದಿನ ಬಾಯಿ ತೆರೆದಿರುತ್ತದೆ, ಅದು ಹಿನ್ನೀರಿನ ಕಡೆ. ಏರಿಯಿಂದ ಹಿನ್ನೀರಿನ ಕಡೆಗೆ ನಡೆದರೆ ನೀರು ಎದೆಯುದ್ದ, ಸೊಂಟದುದ್ದ, ಮೊಣಕಾಲುದ್ದ, ಪಾದ ಮುಳುಗುವಷ್ಟು, ಕೊನೆಗೆ ಬರೀ ಹಸಿ ನೆಲ. ಎಲ್ಲಿ ನೀರು ಮುಗಿಯಿತು, ಎಲ್ಲಿ ಹೊಲ ಶುರುವಾಯಿತು ಅಂತ ಗೆರೆ ಹಾಕಿ ಹೇಳೋಕೆ ಆಗುವುದಿಲ್ಲ. ವರ್ಷವರ್ಷ ಆ ಗೆರೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ನೈದಿಲೆಗೆ ಬೇಕಾದ್ದು ಮೊಣಕಾಲಿನಿಂದ ಎದೆವರೆಗಿನ ನೀರು. ಮೊರದ ಆಕಾರದ ಕೆರೆಯಲ್ಲಿ ಅಂಥ ಜಾಗ ಎಕರೆಗಟ್ಟಲೆ ಸಿಗುತ್ತದೆ.

ಹಸ್ತ, ಚಿತ್ತೆ ಮಳೆಗೆ ಕೆರೆ ತುಂಬುತ್ತಿದ್ದಾಗ ಎಲೆಯ ದಂಟು ನೀರಿನ ಜೊತೆಗೇ ಉದ್ದವಾಗುತ್ತಾ ಹೋಗುತ್ತದೆ. ದಂಟನ್ನು ಅಡ್ಡಕ್ಕೆ ಕೊಯ್ದು ನೋಡಿ, ಒಳಗೆ ತೂತುಗಳು. ಎಲೆಯಿಂದ ಕೆಸರಿನ ಬೇರಿನವರೆಗೂ ಗಾಳಿ ಹೋಗೋಕೆ ಕೊಳವೆ ಇಟ್ಟಿರುವ ಹಾಗೆ. ಉಸಿರಾಡುವ ರಂಧ್ರಗಳು ಬೇರೆ ಗಿಡಗಳಲ್ಲಿ ಬಹುಪಾಲು ಎಲೆಯ ಅಡಿಯಲ್ಲಿರುತ್ತವೆ. ನೈದಿಲೆಯಲ್ಲಿ ಮೇಲಿರುತ್ತವೆ, ಯಾಕೆಂದರೆ ಅಡಿ ಯಾವಾಗಲೂ ನೀರಿಗೆ ಅಂಟಿರುತ್ತದೆ. ಮಾಘ ಕಳೆದು ನೀರು ಇಳಿಯತೊಡಗಿದ ಮೇಲೆ ಗಿಡ ಎಲೆ ಬಿಡುತ್ತದೆ, ಗೆಡ್ಡೆ ಕಟ್ಟಿಕೊಂಡು ಮಣ್ಣಲ್ಲಿ ಮಲಗುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ನೈದಿಲೆಗೆ ತೊಂದರೆ ಅಂತ ನಾವು ಅಂದುಕೊಳ್ಳುತ್ತೇವೆ. ಬತ್ತುವುದು, ತುಂಬುವುದು, ಎರಡಕ್ಕೂ ಅದು ಒಗ್ಗಿದೆ.

ನಮ್ಮೂರ ಕೆರೆ ಸುಮಾರು 20 ಎಕರೆಯದು. ನಾನು ಚಿಕ್ಕವನಿದ್ದಾಗ ಹಿನ್ನೀರಿನ ಕಡೆಯೆಲ್ಲ ನೈದಿಲೆ. ನಾವು ಹುಡುಗರು ಉದ್ದ ದಂಟಿನ ಸಮೇತ ಕಿತ್ತು, ದಂಟನ್ನು ಒಂದು ಇಂಚು ಈ ಕಡೆ ಮುರಿದು ಸಿಪ್ಪೆ ಎಳೆಯುವುದು, ಒಂದು ಇಂಚು ಆ ಕಡೆ ಮುರಿದು ಎಳೆಯುವುದು, ಹೀಗೆ ಎರಡೆಳೆಯ ಮಣಿಸರ ಮಾಡುತ್ತಿದ್ದೆವು. ಹೂವೇ ಪದಕ. ಶಾಲೆಗೆ ಹೋಗುವ ಹೊತ್ತಿಗೆ ಎಲ್ಲರ ಕೊರಳಲ್ಲೂ ಒಂದೊಂದು ಹಾರ, ಅಂಗಿಯೆಲ್ಲ ಒದ್ದೆ. ಇದನ್ನು ಮಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ನೋಡಿ, ಕೈ ಎತ್ತಿದವರೆಲ್ಲ ತಲೆ ನೆರೆತವರು. (ಸಭೆಯಲ್ಲಿ ಸುಮಾರು ಹದಿನೈದು ಕೈ ಎದ್ದವು. ಅದರಲ್ಲಿ ಮಕ್ಕಳ ಕೈ ಒಂದೂ ಇರಲಿಲ್ಲ.)

ಆಗಲೂ ಹೂಳು ತೆಗೆಯುತ್ತಿದ್ದರು. ಯುಗಾದಿ ಕಳೆದ ಮೇಲೆ ರೈತರು ಗಾಡಿ ಹೂಡಿಕೊಂಡು ಬಂದು ಗೋಡು ಹೊಡೆಯುತ್ತಿದ್ದರು. ಹಾರೆ, ಗುದ್ದಲಿ, ಪುಟ್ಟಿ. ಅಷ್ಟರಲ್ಲಿ ಎಷ್ಟು ಆಳ ತೆಗೆಯೋಕಾಗುತ್ತದೆ? ಮೇಲಿನ ಒಂದು ಮೊಳ. ಇಲ್ಲೊಂದು ಗುಂಡಿ, ಅಲ್ಲೊಂದು ಗುಂಡಿ. ನಡುವೆ ಬಿಟ್ಟ ನೆಲದಲ್ಲಿ ಗೆಡ್ಡೆ ಉಳಿಯುತ್ತಿತ್ತು. ಗುಂಡಿಯಲ್ಲಿ ಸ್ವಲ್ಪ ಜಾಸ್ತಿ ನೀರು ನಿಂತು ಮೀನಿಗೆ ಜಾಗವಾಗುತ್ತಿತ್ತು. ಹೊಲಕ್ಕೆ ಗೊಬ್ಬರವೂ ಆಯಿತು, ಕೆರೆಯೂ ಮೊರವಾಗಿಯೇ ಉಳಿಯಿತು.

ಕೆಲವು ವರ್ಷದ ಹಿಂದೆ ನಮ್ಮ ಕೆರೆಯನ್ನು ಅಭಿವೃದ್ಧಿ ಮಾಡಿದರು. ಊರವರೆಲ್ಲ ಖುಷಿಪಟ್ಟೆವು, ನಾನೂ ಖುಷಿಪಟ್ಟೆ. ಎರಡು ತಿಂಗಳು ಜೆಸಿಬಿ, ಟಿಪ್ಪರ್ ಓಡಾಡಿದವು. ಸುತ್ತಲೂ ಒಂದೇ ಆಳಕ್ಕೆ ನೆಟ್ಟಗೆ ಕಡಿದರು. ಅಂಚಿಗೆ ಕಲ್ಲು ಕಟ್ಟಿದರು. ಮೇಲೆ ನಡೆಯೋಕೆ ದಾರಿ, ಕೂರೋಕೆ ಬೆಂಚು. ಮೊದಲ ಮಳೆಗೆ ಕೆರೆ ತುಂಬಿದಾಗ ನೋಡೋಕೆ ಚೆನ್ನಾಗಿಯೇ ಇತ್ತು. ಮರುವರ್ಷ ನೈದಿಲೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಅಂಚಿನಲ್ಲೇ ಎರಡಾಳು ನೀರು, ಕಲಕು. ಬೀಜ ಬಂದರೂ ಬೆಳಕಿಲ್ಲದ ತಳಕ್ಕೆ ಬೀಳಬೇಕು. ಮೊರ ಹೋಗಿ ಬಾಂಡ್ಲಿಯಾಗಿತ್ತು.

ಇದನ್ನು ನನಗೆ ತಿಳಿಸಿದ್ದು ಪುಸ್ತಕವಲ್ಲ, ನಮ್ಮೂರಿನ ನೀರುಗಂಟಿ ತಾತ. ತೂಬು ಎತ್ತಿ ಇಳಿಸಿ ಜೀವ ಸವೆಸಿದವರು. ಏರಿ ಮೇಲೆ ಕೂತಿದ್ದಾಗ ಅವರು ಕೇಳಿದರು: "ಮೇಷ್ಟ್ರೇ, ಕೆರೆಗೆ ಇಳಿಯೋ ಜಾಗ ಎಲ್ಲೈತೆ ಹೇಳಿ. ದನ ಇಳಿಯಂಗಿಲ್ಲ, ಕೊಕ್ಕರೆ ನಿಲ್ಲಂಗಿಲ್ಲ. ಹೂವ ಎಲ್ಲಿಂದ ಬಂದಾತು?" ಆ ಮಾತಾದ ಮೇಲೆ ನಾನು ಕೆರೆ ನೋಡುವ ರೀತಿಯೇ ಬದಲಾಯಿತು. ಎಷ್ಟು ನೀರಿದೆ ಅಂತ ನೋಡುವ ಬದಲು ನೀರು ಎಲ್ಲಿ ತೆಳುವಾಗಿದೆ ಅಂತ ನೋಡತೊಡಗಿದೆ.

ಆದರೂ ಮೊದಲ ಸಲ ನಾನು ಮಾಡಿದ್ದು ತಪ್ಪೇ. ಪೇಟೆಯ ನರ್ಸರಿಯಿಂದ ಹತ್ತು ಗಿಡ ತಂದೆ. ಗಾಢ ನೇರಳೆ ಬಣ್ಣದ ದೊಡ್ಡ ಹೂ, ಚೆನ್ನಾಗಿತ್ತು. ಪ್ಲಾಸ್ಟಿಕ್ ಕುಂಡದಲ್ಲಿ ತೆಂಗಿನ ನಾರಿನ ಪುಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಟ್ಟು ನೀರಿಗಿಳಿಸಿದೆ. ನಾರಿನ ಪುಡಿ ಅವತ್ತೇ ತೇಲಿ ಮೇಲೆ ಬಂತು. ಹಸಿ ಗೊಬ್ಬರ ಕೊಳೆತು ಗುಳ್ಳೆ ಏಳತೊಡಗಿತು, ಸುತ್ತ ಹಸಿರು ಪಾಚಿ ಕಟ್ಟಿತು. ಹದಿನೈದು ದಿನದಲ್ಲಿ ಗಿಡದ ನೆತ್ತಿ ಕೊಳೆಯಿತು. ಅದರಲ್ಲಿ ಒಂದು ಗಿಡದ ಎಲೆಯ ಮೇಲೆ, ದಂಟು ಸೇರುವ ಜಾಗದಲ್ಲಿ, ಪುಟ್ಟ ಮರಿಗಿಡ ಹುಟ್ಟಿತ್ತು. ಆಗ ಅದು ವಿಚಿತ್ರ ಅನ್ನಿಸಿತು. ಆಮೇಲೆ ತಿಳಿಯಿತು, ಎಲೆಯ ಮೇಲೆ ಮರಿ ಹಾಕುವ ಈ ಗುಣ ಆಫ್ರಿಕಾದ ಒಂದು ನೈದಿಲೆಯಿಂದ ಮಿಶ್ರ ತಳಿಗಳಿಗೆ ಬಂದಿರುವುದು. ನಮ್ಮದಲ್ಲ. ಅವು ಸತ್ತದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ. ಮನೆಯ ತೊಟ್ಟಿಯಲ್ಲಿ ಅವು ಇರಲಿ, ನನ್ನ ತಕರಾರಿಲ್ಲ. ಕೆರೆಗೆ ಮಾತ್ರ ಬೇಡ. ಕೆರೆಗೆ ಹಾಕುವುದು ಪಕ್ಕದ ಕೆರೆಯದ್ದೇ ಆಗಿರಬೇಕು. ಅದೇ ಮಳೆ, ಅದೇ ಮಣ್ಣು, ಅದೇ ಬೇಸಿಗೆ ಕಂಡ ಗಿಡ.

ಎರಡನೇ ಸಲ ಗಿಡದ ಯೋಚನೆ ಪಕ್ಕಕ್ಕಿಟ್ಟು ಅಂಚಿನ ಕಡೆ ಗಮನ ಕೊಟ್ಟೆವು. ಪಂಚಾಯಿತಿಯ ಒಪ್ಪಿಗೆ ಪಡೆದೆವು. ಕೆರೆ ಯಾರ ಮನೆಯ ಆಸ್ತಿಯೂ ಅಲ್ಲ, ಕೇಳದೆ ಕೈ ಹಾಕಬಾರದು. ಹಿನ್ನೀರಿನ ಕಡೆ, ಕಾಲುವೆ ಕೆರೆ ಸೇರುವ ಜಾಗದಲ್ಲಿ ಕಲ್ಲು ಕಟ್ಟಿರಲಿಲ್ಲ. ಅಲ್ಲಿ ಬೇಸಿಗೆಯಲ್ಲಿ ಸುಮಾರು 40 ಅಡಿ ಅಗಲಕ್ಕೆ ಕಡಿದಾದ ದಡವನ್ನು ಇಳಿಜಾರು ಮಾಡಿದೆವು. ಅಗೆದ ಮಣ್ಣನ್ನು ಹೊರಗೆ ಸಾಗಿಸಲಿಲ್ಲ, ಒಳಕ್ಕೇ ಎಳೆದು ಹರಡಿದೆವು. ಕಾಲುವೆಯ ನೀರು ಹೊತ್ತು ತರುವ ಹೂಳು ಅಲ್ಲೇ ಕೂತು ಉಳಿದ ಕೆಲಸ ಮಾಡಿತು. ನಾವು ಶತ್ರು ಅಂದುಕೊಂಡ ಹೂಳೇ ಅಂಚಿನಲ್ಲಿ ನೈದಿಲೆಗೆ ತೊಟ್ಟಿಲು.

ಗೆಡ್ಡೆಗಳನ್ನು ನಾಲ್ಕು ಕಿಲೋಮೀಟರ್ ದೂರದ ಒಂದು ಕಟ್ಟೆಯಿಂದ ತಂದೆವು. ಅಲ್ಲಿದ್ದದ್ದನ್ನೆಲ್ಲ ಬಾಚಿ ತರಲಿಲ್ಲ. ಹತ್ತರಲ್ಲಿ ಒಂದು ಅಂತ ಲೆಕ್ಕ ಇಟ್ಟುಕೊಂಡೆವು. ನೆಡುವ ಕ್ರಮ ಸುಲಭ. ಹಳೆಯ ಗೋಣಿಚೀಲ ಕತ್ತರಿಸಿ ಕರ್ಚೀಫಿನಷ್ಟು ತುಂಡು ಮಾಡಿ. ಅದರ ಮೇಲೆ ಎರಡು ಹಿಡಿ ಅಂಟು ಗೋಡು, ಒಂದು ಗೆಡ್ಡೆ, ತೂಕಕ್ಕೊಂದು ಕಲ್ಲು. ಗೆಡ್ಡೆಯ ಚಿಗುರು ಬರುವ ತುದಿ ಮೇಲಿರಲಿ, ಅದರ ಮೇಲೆ ಮಣ್ಣು ತೆಳುವಾಗಿರಲಿ. ನಾಲ್ಕು ಮೂಲೆ ಸೇರಿಸಿ ಸಡಿಲವಾಗಿ ಕಟ್ಟಿ. ಭರಣಿ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಕೆಸರಿಗೆ ಒತ್ತಿಬಿಡಿ. ಮೊದಲು ಒಂದು ಗೇಣು ನೀರು ಸಾಕು. ನೀರು ನಿಧಾನವಾಗಿ ಏರಿದರೆ ಗಿಡ ಜೊತೆಗೇ ಏರುತ್ತದೆ. ಗೋಣಿ ಒಂದೆರಡು ವರ್ಷದಲ್ಲಿ ಕರಗುತ್ತದೆ, ಅಷ್ಟರಲ್ಲಿ ಬೇರು ನೆಲ ಹಿಡಿದಿರುತ್ತದೆ.

ಬೀಜದಿಂದಲೂ ಬೆಳೆಸಬಹುದು, ಆದರೆ ತಾಳ್ಮೆ ಬೇಕು. ಹೂ ಮುಚ್ಚಿ ನೀರೊಳಗೆ ಹೋದ ಮೇಲೆ ಕಾಯಿಗೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಇಲ್ಲದಿದ್ದರೆ ಅದು ಒಡೆದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಚೀಲದಲ್ಲಿ ಸಿಕ್ಕ ಬೀಜವನ್ನು ಬಕೆಟ್ ನೀರಿಗೆ ಹಾಕಿಡಿ, ಅಂಗಿ ಕರಗಿ ಬೀಜ ತಳಕ್ಕೆ ಕೂರುತ್ತದೆ. ಅಗಲವಾದ ತಟ್ಟೆಯಲ್ಲಿ ಎರಡಿಂಚು ಗೋಡು ಹರಡಿ, ಬೀಜ ಚೆಲ್ಲಿ, ಮೇಲೆ ಚಿಟಿಕೆ ಮರಳು ಉದುರಿಸಿ, ಮೂರು ಬೆರಳು ನೀರು ನಿಲ್ಲಿಸಿ ಬಿಸಿಲಲ್ಲಿಡಿ. ಮೊದಲು ಬರುವ ಎಲೆ ನೈದಿಲೆಯ ಎಲೆಯ ಹಾಗಿರುವುದಿಲ್ಲ. ತೆಳ್ಳಗೆ, ಈರುಳ್ಳಿ ಪೊರೆಯ ಹಾಗೆ, ನೀರೊಳಗೇ ಇರುತ್ತದೆ. ಕಳೆ ಅಂತ ಕಿತ್ತುಬಿಡಬೇಡಿ. ನಾನು ಮೊದಲ ತಟ್ಟೆಯಲ್ಲಿ ಅರ್ಧ ಕಿತ್ತುಹಾಕಿದ್ದೆ. ತೇಲುವ ಎಲೆ ಬಂದ ಮೇಲೆ ಒಂದೊಂದನ್ನೇ ಬೇರೆ ಮಾಡಿ ನೆಡಬಹುದು.

ಕಾಟಗಳೂ ಇವೆ. ಹುಲ್ಲುಗೆಂಡೆ ಮೀನು ಬಿಟ್ಟ ಕೆರೆಯಲ್ಲಿ ಎಳೆ ಎಲೆ ಉಳಿಯುವುದು ಕಷ್ಟ. ಎಮ್ಮೆಗಳು ಇಳಿದರೆ ಹೊಸ ಗಿಡ ತುಳಿದು ಹಾಳಾಗುತ್ತದೆ. ಆದ್ದರಿಂದ ಮೊದಲ ಎರಡು ವರ್ಷ ಬಿದಿರಿನ ಗೂಟ ನೆಟ್ಟು ಹಳೆಯ ಮೀನುಬಲೆ ಸುತ್ತಿದೆವು. ಗಿಡ ಬಲಿತ ಮೇಲೆ ತೆಗೆದೆವು. ಎಮ್ಮೆಗೂ ಕೆರೆ ಬೇಕಲ್ಲ. ಎಲೆಯ ಮೇಲೆ ಸಣ್ಣ ಕಪ್ಪು ಹೇನು ಬರುತ್ತವೆ. ಕೈಯಿಂದ ಎಲೆಯನ್ನು ನೀರಲ್ಲಿ ಅದ್ದಿದರೆ ತೊಳೆದುಹೋಗುತ್ತವೆ, ಮೀನು ತಿನ್ನುತ್ತವೆ. ಕೆರೆಗೆ ಔಷಧಿ ಹೊಡೆಯುವ ಯೋಚನೆಯನ್ನೇ ಮಾಡಬೇಡಿ. ಇನ್ನೊಂದು ಹುಳು ಇದೆ, ಪತಂಗದ ಮರಿ. ಅದು ಎಲೆಯಲ್ಲಿ ಮೊಟ್ಟೆಯಾಕಾರದ ತುಂಡು ಕತ್ತರಿಸಿ, ಅದನ್ನು ರೇಷ್ಮೆ ಎಳೆಯಿಂದ ಹೊಲಿದುಕೊಂಡು, ಒಳಗೆ ಕೂತು ದೋಣಿಯಲ್ಲಿ ಹೋದ ಹಾಗೆ ತೇಲುತ್ತದೆ. ಎಲೆಯಲ್ಲಿ ಅಚ್ಚುಕಟ್ಟಾದ ತೂತು ಕಂಡರೆ ಸುತ್ತಮುತ್ತ ಹುಡುಕಿ, ದೋಣಿ ಸಿಗುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ನೈದಿಲೆ ಹೂವಿಗಿಂತ ಈ ಹುಳುವೇ ಇಷ್ಟ.

ಮೂರನೇ ವರ್ಷ ದೇವನಕ್ಕಿ ಬಂತು. ಉದ್ದ ಬಾಲದ್ದು. ಕಾಲ್ಬೆರಳು ಎಷ್ಟು ಉದ್ದ ಅಂದರೆ ಭಾರವೆಲ್ಲ ಹರಡಿಹೋಗಿ ನೈದಿಲೆ ಎಲೆಯ ಮೇಲೆ ನೆಲದ ಮೇಲೆ ನಡೆದ ಹಾಗೆ ನಡೆಯುತ್ತದೆ. ಈ ಹಕ್ಕಿಯಲ್ಲಿ ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಗಂಡು. ಹೆಣ್ಣು ಒಂದು ಗಂಡಿಗೆ ಮೊಟ್ಟೆ ಇಟ್ಟುಕೊಟ್ಟು ಇನ್ನೊಂದರ ಕಡೆ ಹೋಗುತ್ತದೆ. ಗೂಡು ತೇಲುವ ಎಲೆಗಳ ಮೇಲೆಯೇ. ಅಂದರೆ ಎಲೆ ಇಲ್ಲದ ಕೆರೆಯಲ್ಲಿ ಈ ಹಕ್ಕಿಗೆ ಮನೆಯೇ ಇಲ್ಲ. ಜಂಬುಕೋಳಿಯೂ ಬಂತು, ಕಪ್ಪೆಗಳೂ ಜಾಸ್ತಿಯಾದವು. ನಾವು ನೆಟ್ಟದ್ದು ನೈದಿಲೆ ಮಾತ್ರ, ಉಳಿದದ್ದೆಲ್ಲ ತಾನಾಗಿ ಬಂದದ್ದು.

ದೊಡ್ಡ ಜಾಗಗಳಿಗೆ ಈಗ ಗಮನ ಸಿಗುತ್ತಿದೆ, ಅದು ಸಂತೋಷ. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿಗೆ, ಸೇರಿದವು. ಆದರೆ ನೈದಿಲೆ ಬದುಕಿರುವುದು ಹೆಚ್ಚಾಗಿ ಯಾವ ಪಟ್ಟಿಯಲ್ಲೂ ಇಲ್ಲದ ಊರ ಕಟ್ಟೆಗಳಲ್ಲಿ, ಕುಂಟೆಗಳಲ್ಲಿ. ಅವನ್ನು ನೋಡಿಕೊಳ್ಳುವವರು ಊರವರೇ.

ಕೇರಳದ ಕೊಟ್ಟಾಯಂ ಹತ್ತಿರ ಮಲರಿಕ್ಕಲ್ ಅಂತ ಒಂದು ಜಾಗವಿದೆ. ಭತ್ತ ಕೊಯ್ದ ಮೇಲೆ ಮಳೆಗಾಲದಲ್ಲಿ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ, ನೂರಾರು ಎಕರೆಯಲ್ಲಿ ಗುಲಾಬಿ ನೈದಿಲೆ ಅರಳುತ್ತದೆ. ಅವರು ಆಂಬಲ್ ಅನ್ನುತ್ತಾರೆ. ಬೆಳಗಿನ ಜಾವ ದೋಣಿಯಲ್ಲಿ ಜನ ನೋಡೋಕೆ ಹೋಗುತ್ತಾರೆ. ಮತ್ತೆ ಬಿತ್ತನೆ ಹೊತ್ತಿಗೆ ನೀರು ಹೊರಹಾಕಿ ಉಳುತ್ತಾರೆ. ಮುಂದಿನ ಮಳೆಗೆ ಹೂ ಮತ್ತೆ ಹಾಜರ್. ಅಲ್ಲಿ ಯಾರೂ ಅದನ್ನು ತೋಟದ ಗಿಡದಂತೆ ಸಾಕಿಲ್ಲ. ತುಂಬುವ, ಬತ್ತುವ ತೆಳು ನೀರು ಸಿಕ್ಕಿದೆ, ಬಂದಿದೆ.

ಆಮೇಲೆ ಪ್ರಶ್ನೆಗಳು ಬಂದವು. ಮೊದಲು ಕೇಳಿದ್ದು ಒಬ್ಬ ತಾಯಿ: "ಇದೂ ಅಂತರಗಂಗೆ ಥರ ಕೆರೆಯೆಲ್ಲ ಮುಚ್ಚಿಬಿಡೋದಿಲ್ವಾ ಸಾರ್?"

ಒಳ್ಳೆಯ ಪ್ರಶ್ನೆ. ನಾವು ಅಂತರಗಂಗೆ, ಜಲಕಳೆ ಅನ್ನುವ ಆ ನೇರಳೆ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ್ದು. ಅದರ ಬೇರು ನೆಲ ಮುಟ್ಟಬೇಕಿಲ್ಲ. ತೇಲುತ್ತಲೇ ಎಷ್ಟು ಆಳದ ಮೇಲೂ ಹಬ್ಬುತ್ತದೆ. ನೈದಿಲೆಯ ಬೇರು ನೆಲದಲ್ಲೇ ಇರಬೇಕು. ಆಳ ಜಾಸ್ತಿಯಾದ ಕಡೆ ಅದು ತಾನೇ ನಿಲ್ಲುತ್ತದೆ. ಏರಿ ಕಡೆಯ ನೀರು ಯಾವತ್ತೂ ತೆರೆದೇ ಇರುತ್ತದೆ. ತೀರ ಸಣ್ಣ ಕುಂಟೆಯಾದರೆ ವರ್ಷಕ್ಕೊಮ್ಮೆ ಸ್ವಲ್ಪ ಕಿತ್ತು ಬೇರೆ ಕಡೆಗೆ ಕೊಡಿ.

ಒಬ್ಬರು ಕೊಳಚೆ ನೀರಿನ ಬಗ್ಗೆ ಕೇಳಿದರು. ಅವರ ಬಡಾವಣೆಯ ಚರಂಡಿ ನೇರ ಕೆರೆಗೇ ಬರುತ್ತದಂತೆ. ನೇರವಾಗಿಯೇ ಹೇಳಿದೆ, ಅಲ್ಲಿ ಈಗಲೇ ನೈದಿಲೆ ನೆಡಬೇಡಿ. ಕೊಳಚೆಯ ಸಾರ ತಿಂದು ಜಲಕಳೆ ಮೊದಲು ಬೆಳೆಯುತ್ತದೆ, ನೈದಿಲೆಯ ಮೇಲೆ ಬೆಳಕೇ ಬೀಳುವುದಿಲ್ಲ. ಮೊದಲು ನೀರು ಸರಿಯಾಗಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರನ್ನೂ ನೇರ ಬಿಡದೆ, ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸಿ ಆಮೇಲೆ ಕೆರೆಗೆ ಬಿಡುವ ವ್ಯವಸ್ಥೆ ಮಾಡಿದ್ದಾರೆ. ಅಂಥ ಜೌಗಿಗೂ ಬೇಕಾದ್ದು ಅದೇ ತೆಳು ನೀರಿನ ಅಂಚು.

ಮನೆಯ ತೊಟ್ಟಿಯಲ್ಲಿ ಬೆಳೆಸಬಹುದಾ ಅಂತ ಮೂರು ನಾಲ್ಕು ಜನ ಕೇಳಿದರು. ಖಂಡಿತ. ಎರಡೂವರೆ ಮೂರಡಿ ಅಗಲದ ತೊಟ್ಟಿ, ತಳದಲ್ಲಿ ಅರ್ಧ ಅಡಿ ಗೋಡು, ದಿನಕ್ಕೆ ಐದಾರು ಗಂಟೆ ಬಿಸಿಲು. ಕಾರಂಜಿ ಬೇಡ, ನೈದಿಲೆಗೆ ಅಲುಗದ ನೀರು ಇಷ್ಟ. ಸೊಳ್ಳೆಗೆ ಹಳ್ಳದಲ್ಲಿ ಸಿಗುವ ನಮ್ಮದೇ ಸಣ್ಣ ಮೀನು ಬಿಡಿ. ನೆತ್ತಿಯ ಮೇಲೆ ಬೆಳ್ಳಿಚುಕ್ಕೆ ಇರುವ ಮೀನೊಂದಿದೆ, ನೀರಿನ ಮೇಲ್ಭಾಗದಲ್ಲೇ ಓಡಾಡುತ್ತದೆ, ಸೊಳ್ಳೆ ಮರಿ ಅದಕ್ಕೆ ಊಟ. ಸೊಳ್ಳೆ ಮೀನು ಅಂತ ಹಂಚುವ ಗ್ಯಾಂಬೂಸಿಯಾ ಅಮೆರಿಕದಿಂದ ಬಂದದ್ದು, ಕಪ್ಪೆಯ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ಅದನ್ನು ಕೆರೆ ಹಳ್ಳಗಳಿಗೆ ಬಿಡಲೇಬೇಡಿ.

ಕೊನೆಗೆ ಒಬ್ಬ ಹುಡುಗ, ಏಳನೇ ಕ್ಲಾಸಿನವನು, ಎದ್ದು ನಿಂತ. ತಟ್ಟೆ ಅಷ್ಟು ಹೊತ್ತಿಗೆ ಅವನ ಹತ್ತಿರ ಬಂದಿತ್ತು. "ಸಾರ್, ಇದರಲ್ಲಿ ಒಂದು ನಾನು ತಗೊಂಡು ಹೋಗ್ಲಾ? ನಮ್ಮ ತೋಟದಲ್ಲಿ ಕುಂಟೆ ಐತೆ."

ಎಷ್ಟು ಆಳ ಅಂತ ಕೇಳಿದೆ. ಅವನು ಎದೆಯ ಹತ್ತಿರ ಕೈ ಇಟ್ಟು ತೋರಿಸಿದ. ಅಂಚು ಹೇಗಿದೆ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿದ. "ಒಂದು ಕಡೆ ಹಸು ಇಳಿಯೋ ಹಂಗೆ ಇಳಿಜಾರು ಐತೆ ಸಾರ್" ಅಂದ.

ಆರನ್ನೂ ಅವನಿಗೇ ಕೊಟ್ಟು ಕಳಿಸಿದೆ.